ಲೈಬ್ರರಿ ತುಂಬಿದೆ, ಪುಸ್ತಕ ಮನೆಗೆ ಒಯ್ಯೋರು ಯಾರು?

ಕೇಳುಗರಿಗೆ ನಮಸ್ಕಾರ. ನಿಮ್ಮೂರಿನ ಸರ್ಕಾರಿ ಲೈಬ್ರರಿಗೆ ಇತ್ತೀಚೆಗೆ ಹೋಗಿದ್ದೀರಾ? ದೊಡ್ಡ ಊರಾದರೆ ಕೂರಲು ಜಾಗ ಸಿಗೋದೇ ಕಷ್ಟ. ಬಾಗಿಲು ತೆಗೆಯುವ ಮೊದಲೇ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು ಕಾಯುತ್ತಿರುತ್ತಾರೆ. ಕೆಎಎಸ್, ಪಿಎಸ್ಐ, ಎಫ್‌ಡಿಎ ಅಂತ ಪರೀಕ್ಷೆಗೆ ಓದುವವರು. ಪುಸ್ತಕ ಅವರೇ ತರುತ್ತಾರೆ, ಬೇಕಾಗಿರುವುದು ಒಂದು ಮೇಜು, ಫ್ಯಾನು, ಗಲಾಟೆ ಇಲ್ಲದ ಜಾಗ. ಪೇಪರ್ ಓದಲು ಬರುವ ಹಿರಿಯರಿಗೂ ಸದಸ್ಯತ್ವದ ಕಾರ್ಡ್ ಬೇಕಿಲ್ಲ. ಹಾಗಾಗಿ ಹಾಲ್ ಭರ್ತಿ, ಕಾದಂಬರಿಗಳ ಕಪಾಟಿನ ಮುಂದೆ ಮಾತ್ರ ಯಾರೂ ಇಲ್ಲ.

ಆದರೆ ಸದಸ್ಯರ ಲೆಕ್ಕ ಕೇಳಿದರೆ ಅದು ಏರುತ್ತಲೇ ಇದೆ. 2020ರ ಫೆಬ್ರವರಿಯಲ್ಲಿ ಡಿಜಿಟಲ್ ಗ್ರಂಥಾಲಯ ಶುರುವಾಯಿತು, ಫೋನಿನಲ್ಲೇ ಹೆಸರು ನೋಂದಾಯಿಸಬಹುದು. ಅದೇ ವರ್ಷ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಅನ್ನೋ ಸರ್ಕಾರಿ ಕಾರ್ಯಕ್ರಮ ಬಂತು. ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಇದು ನಿಜಕ್ಕೂ ಒಳ್ಳೆಯ ಕೆಲಸ ಅಂತ ನಾನಂತೂ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಹಳ್ಳಿ ಮಕ್ಕಳಿಗೆ ಆಗ ಕೈಗೆ ಸಿಗುವಂತಿದ್ದದ್ದು ಪಂಚಾಯಿತಿ ಲೈಬ್ರರಿಯ ಪುಸ್ತಕವೇ. ಲಕ್ಷಗಟ್ಟಲೆ ಮಕ್ಕಳು ಸೇರಿದರು. ಸೇರಿದ ಮೇಲೆ ಎಷ್ಟು ಮಕ್ಕಳು ಪುಸ್ತಕ ಒಯ್ದರು ಅನ್ನೋದು ಬೇರೆ ಪ್ರಶ್ನೆ, ಅಲ್ವಾ? ಸದಸ್ಯರ ಲೆಕ್ಕದಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುವ ಕಾರ್ಡೂ ಒಂದೇ, ವಾರಕ್ಕೊಮ್ಮೆ ಪುಸ್ತಕ ಬದಲಾಯಿಸುವ ಕಾರ್ಡೂ ಒಂದೇ. ಎಷ್ಟು ಜನ ಸೇರಿದರು ಅಂತ ಕೇಳೋದು ಬಿಡಿ, ಹೋದ ವರ್ಷ ಎಷ್ಟು ಕಾರ್ಡ್‌ಗಳ ಮೇಲೆ ಒಂದಾದರೂ ಪುಸ್ತಕ ಹೊರಗೆ ಹೋಯಿತು ಅಂತ ಕೇಳಿ.

ದೊಡ್ಡವರು ಯಾಕೆ ಒಯ್ಯಲ್ಲ? ಕಾರಣ ಬರೀ ಮೊಬೈಲ್ ಅಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಕಾರ್ಡ್ ಮಾಡಿಸಲು ವಿಳಾಸದ ದಾಖಲೆ ತರೋದೇ ತಲೆನೋವು. ಕೆಲಸ ಮುಗಿಸಿ ಬರುವಷ್ಟರಲ್ಲಿ ಲೈಬ್ರರಿ ಮುಚ್ಚುವ ಹೊತ್ತು. ಅದಕ್ಕಿಂತ ಜಾಸ್ತಿ, ಹೊಸ ಪುಸ್ತಕ ಸಿಗಲ್ಲ. ಸರ್ಕಾರದ ಸಗಟು ಖರೀದಿ ತಡ ಅಂತ ಪ್ರಕಾಶಕರು ಗೊಣಗುತ್ತಲೇ ಇರುತ್ತಾರೆ, ಪೇಪರಿನಲ್ಲಿ ವಿಮರ್ಶೆ ಓದಿ ಹುಡುಕಿಕೊಂಡು ಹೋದ ಪುಸ್ತಕ ಕಪಾಟಿಗೆ ಬರುವ ಹೊತ್ತಿಗೆ ನಮಗೆ ಅದರ ಹೆಸರೇ ಮರೆತಿರುತ್ತದೆ.

ಇನ್ನೊಂದು ವಿಷಯ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತಲೂ ವಸೂಲಿ ಆಗುತ್ತದೆ, ಕಂದಾಯದ ಶೇ 6ರಷ್ಟು. 1965ರ ಗ್ರಂಥಾಲಯ ಕಾಯ್ದೆ ಮಾಡಿದ ವ್ಯವಸ್ಥೆ ಇದು. ಅಂದರೆ ಕಾರ್ಡ್ ಇರಲಿ ಬಿಡಲಿ, ದುಡ್ಡು ನೀವು ಕೊಟ್ಟಾಗಿದೆ. ಹಾಗಾಗಿ ಇಂಥ ಪುಸ್ತಕ ತರಿಸಿ, ಸಂಜೆ ಇನ್ನೊಂದು ಗಂಟೆ ತೆರೆದಿಡಿ ಅಂತ ಕೇಳೋಕೆ ಸಂಕೋಚ ಬೇಡ. ಕೌಂಟರಿನಲ್ಲೇ ಒಂದು ಅರ್ಜಿ ಬರೆದು ಕೊಡಿ. ಸೋಮವಾರ ಮಾತ್ರ ಹೋಗಬೇಡಿ, ಸಾಮಾನ್ಯವಾಗಿ ಅವತ್ತು ರಜೆ.