ಕಾರು ಬರೋ ಮುಂಚೆ ಆರು ತಿಂಗಳು ಕಂತು ಕಟ್ಟಿದೆ

ಈಗ ನೀವು ನೋಡ್ತಿರೋದು ನಮ್ಮನೆ ಹಾಲಿನ ಲೆಕ್ಕದ ಪುಸ್ತಕ. ಮುಂದಿನಿಂದ ತೆರೆದರೆ ಹಾಲು, ಹಿಂದಿನಿಂದ ತೆರೆದರೆ ಕಾರು. ಕಾರಿನ ಲೆಕ್ಕ ಶುರುವಾಗಿದ್ದು 2025ರ ಜನವರಿಯಲ್ಲಿ. ಕಾರು ಮನೆಗೆ ಬಂದಿದ್ದು ನವೆಂಬರ್‌ನಲ್ಲಿ. ನಡುವೆ ಏನೇನಾಯ್ತು ಅನ್ನೋದೇ ಇವತ್ತಿನ ವಿಡಿಯೋ.

ನಾವಿರೋದು ಹಾಸನದಲ್ಲಿ. ಅಮ್ಮ ಇರೋದು ಅರಸೀಕೆರೆಯಿಂದ ಇನ್ನೊಂದಿಷ್ಟು ಆಚೆ, ನಮ್ಮೂರಲ್ಲಿ. ಅವರಿಗೆ ಮಂಡಿನೋವು. ಬಸ್ಸಿನ ಮೊದಲ ಮೆಟ್ಟಿಲೇ ಅವರಿಗೆ ಬೆಟ್ಟ. ತಿಂಗಳಿಗೆ ಎರಡು ಸಲ ಡಾಕ್ಟರ್ ಹತ್ತಿರ ಕರೆತರಬೇಕು, ಪ್ರತಿ ಸಲ ಬಾಡಿಗೆ ಗಾಡಿ ಮಾಡಬೇಕು. ಇತ್ತ ನಾವು ನಾಲ್ಕು ಜನಕ್ಕೆ ಇರೋದು ಒಂದೇ ಸ್ಕೂಟರ್. ದೊಡ್ಡ ಮಗಳು ಮುಂದೆ ನಿಂತರೆ ನನಗೆ ರಸ್ತೆ ಕಾಣಲ್ಲ, ಅವಳ ಜಡೆ ಕಾಣುತ್ತೆ.

ನನ್ನ ಕೈಗೆ ಬರೋ ಸಂಬಳ 44,000. ಹೆಂಡತಿ ಮನೆಯಲ್ಲೇ ಟ್ಯೂಷನ್ ಹೇಳ್ತಾಳೆ, ಅದರಿಂದ ಆರೇಳು ಸಾವಿರ. ನಾನು ಒಂದು ರಾತ್ರಿ ಊಟ ಮಾಡ್ತಾ ಗತ್ತಿನಿಂದ ಹೇಳಿದೆ, "ತಿಂಗಳಿಗೆ ಹತ್ತು ಸಾವಿರ ಇಎಂಐ ಕಟ್ಟಬಹುದು ಕಣೇ." ಅವಳು ಮಜ್ಜಿಗೆ ಬಡಿಸ್ತಾ ಒಂದೇ ಮಾತು ಕೇಳಿದಳು. "ಸರಿ ರೀ. ಪೆಟ್ರೋಲ್ ಯಾರು ಹಾಕಿಸ್ತಾರೆ?"

ಅಲ್ಲಿಂದ ಪುಸ್ತಕದ ಹಿಂದಿನ ಪುಟ ಶುರುವಾಯ್ತು. ಕಂತು, ಪೆಟ್ರೋಲ್, ಇನ್ಶೂರೆನ್ಸ್, ಸರ್ವೀಸ್ ಎಲ್ಲ ಕೂಡಿಸಿದರೆ 14,000 ಆಯ್ತು. ಇಷ್ಟನ್ನ ನಿಜವಾಗಿ ಕಟ್ಟೋಕೆ ಆಗುತ್ತಾ? ತಿಳ್ಕೊಳ್ಳೋಕೆ ಇದ್ದ ದಾರಿ ಒಂದೇ, ಕಟ್ಟಿ ನೋಡೋದು. ಸುಮ್ನೆ ಬಿದ್ದಿದ್ದ ಒಂದು ಉಳಿತಾಯ ಖಾತೆ ಇತ್ತು. ಫೆಬ್ರವರಿಯಿಂದ ಪ್ರತಿ 5ನೇ ತಾರೀಕು ಅದಕ್ಕೆ 14,000 ಹಾಕೋದು, ಮುಟ್ಟಬಾರದು. ಕಾರಿಲ್ಲ, ಕಂತು ಮಾತ್ರ ಇದೆ. ನನ್ನ ಸ್ನೇಹಿತರು ನಕ್ಕಿದ್ದು ನಕ್ಕಿದ್ದೇ. "ಲೋ, ಮದುವೆಗೆ ಮುಂಚೆ ಸೀಮಂತ ಮಾಡ್ತಿದ್ದೀಯಲ್ಲೋ" ಅಂದ ಒಬ್ಬ.

ಈ ಪುಟ ಸ್ವಲ್ಪ ಹತ್ತಿರದಿಂದ ನೋಡಿ. ಫೆಬ್ರವರಿ 14,000. ಮಾರ್ಚ್ 14,000. ಏಪ್ರಿಲ್ 14,000. ಮೂರು ತಿಂಗಳು ನಾನು ಮೀಸೆ ತಿರುವಿದ್ದೇ ತಿರುವಿದ್ದು. ಮೇ ತಿಂಗಳಲ್ಲಿ ಹೆಂಡತಿಯ ತಮ್ಮನ ಮದುವೆ. ಬಟ್ಟೆ, ಮುಯ್ಯಿ, ಓಡಾಟ. ಹಾಕಿದ್ದು 9,000. ಜೂನ್‌ನಲ್ಲಿ ಇಬ್ಬರು ಮಕ್ಕಳ ಶಾಲೆ ಫೀಸು, ಪುಸ್ತಕ, ಶೂ. ಇಲ್ಲಿ ನೋಡಿ, 4,000 ಅಂತ ಬರೆದು ಪಕ್ಕದಲ್ಲಿ ಹೆಂಡತಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಜುಲೈ ಮತ್ತೆ 14,000.

ಒಟ್ಟು 69,000. ಆರರಿಂದ ಭಾಗಿಸಿದರೆ 11,500. ನಮ್ಮನೆಗೆ ತಡೆಯೋದು ಇಷ್ಟೇ. ಜೂನ್‌ನಲ್ಲಿ ನಿಜವಾದ ಬ್ಯಾಂಕ್ ಕಂತು ಇದ್ದಿದ್ದರೆ ಚೆಕ್ ಬೌನ್ಸ್ ಆದ ಹಾಗೆ ಅದೂ ಬೌನ್ಸ್ ಆಗ್ತಿತ್ತು. ದಂಡ ಬೇರೆ, ಸಾಲ ಸರಿಯಾಗಿ ಕಟ್ತೀವಾ ಅಂತ ಬ್ಯಾಂಕಿನವರು ನೋಡೋ ಸಿಬಿಲ್ ಸ್ಕೋರ್ ಇಳಿಯೋದು ಬೇರೆ. ನಮ್ಮದೇ ಖಾತೆ ಆಗಿದ್ದಕ್ಕೆ ಯಾರೂ ಫೋನ್ ಮಾಡಲಿಲ್ಲ.

ಹಾಗಾಗಿ ಲೆಕ್ಕ ಉಲ್ಟಾ ಹಾಕಿದೆವು. 11,500ರಲ್ಲಿ ಮೊದಲು ಓಡಿಸೋ ಖರ್ಚು ತೆಗೀಬೇಕು. ಆಫೀಸಿಗೆ ಸ್ಕೂಟರೇ ಸಾಕು ಅಂತ ತೀರ್ಮಾನ ಆಯ್ತು. ಊರಿಗೆ, ಆಸ್ಪತ್ರೆಗೆ, ಭಾನುವಾರಕ್ಕೆ ಅಂದರೆ ತಿಂಗಳಿಗೆ 350 ಕಿಲೋಮೀಟರ್. ಲೀಟರಿಗೆ 18 ಕೊಟ್ಟರೆ ಪೆಟ್ರೋಲಿಗೆ ಎರಡು ಸಾವಿರ. ಕಂಪನಿಯವರು 24 ಅಂತಾರೆ, ಅದು ನಮ್ಮ ರೋಡ್ ಹಂಪ್‌ಗಳನ್ನ ನೋಡದೇ ಹೇಳಿದ್ದು. ಇನ್ಶೂರೆನ್ಸ್, ಸರ್ವೀಸ್, ಮುಂದೆ ಬರೋ ಟೈರ್ ಖರ್ಚಿಗೆ ತಿಂಗಳಿಗೆ 1,500 ಎತ್ತಿಡಬೇಕು. ಉಳಿದಿದ್ದು 8,000. ನೂರಕ್ಕೆ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಇಷ್ಟು ಕಟ್ಟೋರಿಗೆ 3,85,000 ಸಾಲ ಸಿಗುತ್ತೆ. ಕಂತು 7,992. ಅದರ ಮೇಲೆ ಒಂದು ರೂಪಾಯಿ ಸಾಲನೂ ಬೇಡ ಅಂತ ಪುಟದ ಕೆಳಗೆ ಗೆರೆ ಎಳೆದೆವು.

ಸೆಕೆಂಡ್ ಹ್ಯಾಂಡ್ ನೋಡಲಿಲ್ವಾ ಅಂತ ಕೇಳ್ತೀರಿ. ನೋಡಿದೆವು. ಹಳೇ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ. ಚೆನ್ನಾಗಿದ್ದ ಒಂದು ಗಾಡಿಗೆ ಹೊಸದರ ಹತ್ತಿರದ ರೇಟು ಹೇಳಿದರು. ಅಗ್ಗದ ಇನ್ನೊಂದನ್ನ ನಮ್ಮ ಮೆಕಾನಿಕ್ ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಹೊಗೆ ನೋಡಿ, ಏನೂ ಮಾತಾಡದೆ ಕೈ ತೊಳ್ಕೊಂಡ. ಆ ವಿಷಯ ಅಲ್ಲಿಗೆ ಮುಗೀತು.

ಕಾರು ಆರಿಸಿದ್ದು ನಾನಲ್ಲ, ಅಮ್ಮನ ಮಂಡಿ. ಒಂದು ಶನಿವಾರ ಅವರನ್ನ ಕರ್ಕೊಂಡು ಶೋರೂಂ ಶೋರೂಂ ಸುತ್ತಿದೆ. ಆಲ್ಟೋ ಕೆ10 ನಮ್ಮ ಬಜೆಟ್ಟಿಗೆ ಆರಾಮಾಗಿ ಕೂರೋ ಗಾಡಿ. ಅಮ್ಮ ಬಾಗಿಲು ಹಿಡಿದು, ತಲೆ ಬಗ್ಗಿಸಿ, ಒಳಗೆ ಕುಸಿದರು. ಏಳೋಕೆ ಇಬ್ಬರು ಕೈ ಕೊಡಬೇಕಾಯ್ತು. "ಬಾವಿಗಿಳಿದಂಗಾಯ್ತು ಕಣಪ್ಪ." ಟಿಯಾಗೋ ನೋಡೋಕೆ ಚೆಂದ, ಬಾಗಿಲು ಹಾಕಿದರೆ ಗಟ್ಟಿ ಸದ್ದು. ಅಮ್ಮ ಕೂತರು, ಎದ್ದರು, ಮುಖ ಕಿವುಚಿದರು. ವ್ಯಾಗನ್ ಆರ್‌ಗೆ ಬಂದಾಗ ಬಗ್ಗಲೇ ಇಲ್ಲ. ತಿರುಗಿ ನಿಂತು, ಹಾಗೇ ಹಿಂದಕ್ಕೆ ಕೂತು, ಕಾಲು ಒಳಗೆ ಎಳ್ಕೊಂಡರು. "ಜಗಲಿ ಮೇಲೆ ಕೂತಂಗೆ ಆಯ್ತದೆ" ಅಂದರು. ಸೇಲ್ಸ್ ಹುಡುಗ ನನ್ನ ಮುಖ ನೋಡೋದು ಬಿಟ್ಟು ಅಮ್ಮನ ಜೊತೆ ಮಾತಾಡೋಕೆ ಶುರು ಮಾಡಿದ. ಜಾಣ.

ಆದರೆ ಇಲ್ಲಿ ಒಂದು ವಿಷಯ ಮುಚ್ಚಿಡಲ್ಲ. ಕಾರುಗಳನ್ನ ಗುದ್ದಿಸಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡೋ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ 2020ರಲ್ಲಿ ಟಿಯಾಗೋಗೆ ನಾಲ್ಕು ಸ್ಟಾರ್ ಬಂದಿತ್ತು. 2023ರಲ್ಲಿ ವ್ಯಾಗನ್ ಆರ್‌ಗೆ ಬಂದಿದ್ದು ಒಂದೇ ಸ್ಟಾರ್. ಆಗ ಎರಡು ಏರ್‌ಬ್ಯಾಗ್ ಇತ್ತು, 2025ರಿಂದ ಎಲ್ಲ ಮಾಡೆಲ್‌ಗೂ ಆರು ಕೊಡ್ತಿದ್ದಾರೆ. ಆದರೂ ಏರ್‌ಬ್ಯಾಗ್ ಜಾಸ್ತಿ ಆದ ಮಾತ್ರಕ್ಕೆ ಬಾಡಿ ಗಟ್ಟಿಯಾಗಲ್ಲ. ನಾಲ್ಕು ರಾತ್ರಿ ಇದೇ ಯೋಚನೆ. ಕೊನೆಗೆ ಮಂಡಿ ಗೆದ್ದಿತು. ನಾನು ಮಾಡಿದ್ದು ಸರಿ ಅಂತ ನನಗೇ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ. ಹಿಂದೆ ಕೂತವರೂ ಬೆಲ್ಟ್ ಹಾಕದಿದ್ದರೆ ಗಾಡಿ ಮುಂದಕ್ಕೆ ಹೋಗಲ್ಲ ಅನ್ನೋ ನಿಯಮ ಮಾತ್ರ ಮನೆಯಲ್ಲಿ ಮಾಡಿದ್ದೀನಿ. ನೀವು ದಿನಾ ಹೈವೇ ಓಡಿಸೋರಾದರೆ ನನ್ನ ಮಾತು ಕೇಳಬೇಡಿ.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ನಮ್ಮ ಚೀಟಿ ದುಡ್ಡು ಒಂದೂವರೆ ಲಕ್ಷ ಕೈಗೆ ಬರೋದೂ ಅದೇ ತಿಂಗಳು. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಸೆಸ್ಸೂ ಹೋಯ್ತು. 22ನೇ ತಾರೀಕಿಂದ ಜಾರಿ, ಅವತ್ತೇ ನವರಾತ್ರಿ ಶುರು. ಸೀಮಂತ ಅಂತ ನಕ್ಕ ಸ್ನೇಹಿತ ಜುಲೈನಲ್ಲೇ ಕಾರು ತಗೊಂಡಿದ್ದ. ನಾನು ಏನೂ ಅನ್ನಲಿಲ್ಲ. ಒಂದು ಸಲ ನಕ್ಕೆ, ಅಷ್ಟೇ.

ಆಯುಧಪೂಜೆಗೆ ಗಾಡಿ ಬೇಕು ಅನ್ನೋರ ಗುಂಪಲ್ಲಿ ನಿಂತು ಕೊಟೇಶನ್ ತಗೊಂಡೆವು. ಯಾವ ಶೋರೂಂ ಅಂತ ಹೇಳಲ್ಲ, ಮೂರು ಕಡೆ ಕೇಳಿದ್ದೆ, ಒಂದು ಕಡೆ ಆಗಿದ್ದು ಇದು. ಎಕ್ಸ್ ಶೋರೂಂ, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸೋ ಮುಂಚಿನ ಬೆಲೆ, ಐದೂವರೆ ಲಕ್ಷ. ನಮ್ಮ ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 14, ಮೇಲೆ ಸೆಸ್. ಅದೇ ಎಂಬತ್ತು ಸಾವಿರ ದಾಟುತ್ತೆ, ಅದನ್ನ ಚೌಕಾಸಿ ಮಾಡೋಕೆ ಆಗಲ್ಲ. ಇಲ್ಲಿವರೆಗೆ ಸರಿ. ಕೆಳಗೆ ಇನ್ಶೂರೆನ್ಸ್ 31,000. ಬೇಸಿಕ್ ಕಿಟ್ 14,000. ಹ್ಯಾಂಡ್ಲಿಂಗ್ ಚಾರ್ಜ್ 6,500.

"ಹ್ಯಾಂಡ್ಲಿಂಗ್ ಅಂದರೆ ಏನಪ್ಪಾ?" ಅಂದೆ. ಹುಡುಗ ನೀಲಿ ಪೆನ್ನು ತೆಗೆದು ಒಂದು ಮಾತೂ ಆಡದೆ ಆ ಸಾಲನ್ನ ಹೊಡೆದು ಹಾಕಿದ. ಕೇಳದಿದ್ದರೆ? ಕಿಟ್ ಅಂದರೆ ಮ್ಯಾಟು, ಮಡ್ ಫ್ಲ್ಯಾಪು, ಸೀಟ್ ಕವರು. ಹೊರಗೆ ಅರ್ಧ ರೇಟಿಗೆ ಸಿಗುತ್ತೆ. ಇನ್ಶೂರೆನ್ಸನ್ನ ಶೋರೂಂನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟದ ಇನ್ಶೂರೆನ್ಸ್, ಒಟ್ಟಿಗೇ ಕಟ್ಟಬೇಕು. 1,000 ಸಿಸಿ ಒಳಗಿದ್ದರೆ ಅದು 6,521 ರೂಪಾಯಿ, ಜಿಎಸ್‌ಟಿ ಬೇರೆ, ಯಾವ ಕಂಪನಿಗೆ ಹೋದರೂ ಅಷ್ಟೇ. ವ್ಯತ್ಯಾಸ ಇರೋದು ಉಳಿದ ಭಾಗದಲ್ಲಿ. ನಾನು ಹೊರಗೆ ವಿಚಾರಿಸಿದಾಗ ಜೀರೋ ಡೆಪ್ (ಬಿಡಿಭಾಗ ಹಳೇದಾಯ್ತು ಅಂತ ಕ್ಲೇಮ್ ದುಡ್ಡು ಕಡಿತ ಮಾಡದ ಸೌಲಭ್ಯ) ಸೇರಿ 22,000 ಚಿಲ್ಲರೆ ಆಯ್ತು. ಎಲ್ಲ ಹಿಡಿದು ಆನ್ ರೋಡ್ 6,60,000ಕ್ಕೆ ನಿಲ್ಲಿಸಿದೆವು.

ಈಗ ಸಾಲದ ಕಥೆ. ಶೋರೂಂ ಮೂಲೆಯಲ್ಲಿ ಫೈನಾನ್ಸ್‌ನವರ ಒಂದು ಟೇಬಲ್ ಇರುತ್ತೆ. ಅಲ್ಲಿ ಕೂತವರು ಅಂದರು, "ಸಾರ್, ಬ್ಯಾಂಕಲ್ಲಿ 9 ಪರ್ಸೆಂಟ್. ನಮ್ಮಲ್ಲಿ ಬರೀ 6." ನನಗೂ ಒಂದು ಕ್ಷಣ ಬಾಯಲ್ಲಿ ನೀರೂರಿತು. ಆಮೇಲೆ ಕಂತು ಎಷ್ಟು ಅಂತ ಕೇಳಿದೆ. 8,342. ಅರೆ, 6 ಪರ್ಸೆಂಟ್‌ನ ಕಂತು 9 ಪರ್ಸೆಂಟ್‌ನ ಕಂತಿಗಿಂತ ಹೇಗೆ ಜಾಸ್ತಿ?

ಅವರದು ಫ್ಲಾಟ್ ಬಡ್ಡಿ. ಮೊದಲ ದಿನದ 3,85,000ಕ್ಕೆ ಐದು ವರ್ಷವೂ ಬಡ್ಡಿ ಹಾಕ್ತಾರೆ, ಅಸಲು ಅರ್ಧ ತೀರಿಸಿದ್ದರೂ ಅಷ್ಟೇ. ಬಡ್ಡಿ 1,15,500. ಬ್ಯಾಂಕಿನದು ಉಳಿದ ಅಸಲಿಗೆ ಮಾತ್ರ ಬಡ್ಡಿ, ಒಟ್ಟು ಸುಮಾರು 94,500. ಆರು ಅನ್ನೋದು ಒಂಬತ್ತಕ್ಕಿಂತ 21,000 ದುಬಾರಿ! ಪರ್ಸೆಂಟ್ ಕೇಳಬೇಡಿ, ಕಂತು ಎಷ್ಟು, ಎಷ್ಟು ತಿಂಗಳು ಅಂತ ಕೇಳಿ, ಗುಣಿಸಿ ನೋಡಿ.

ಬ್ಯಾಂಕಲ್ಲೂ ಒಂದು ಗಾಳ ಇತ್ತು. "ಏಳು ವರ್ಷ ಮಾಡಿಬಿಡಿ ಸಾರ್, ಕಂತು ಬರೀ 6,194." ತಿಂಗಳಿಗೆ 1,800 ಉಳಿಯುತ್ತೆ, ನಿಜ. ಕೊನೆಗೆ 40,000 ಜಾಸ್ತಿ ಬಡ್ಡಿ ಹೋಗುತ್ತೆ, ಅದೂ ನಿಜ. ಐದಕ್ಕೇ ಸಹಿ ಹಾಕಿದೆ. ಮುಂಚೆ ತೀರಿಸಿದರೆ ಚಾರ್ಜ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ ತಗೊಂಡೆ. ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ಮತ್ತು ಫಾರಂ 35 ಹಿಡ್ಕೊಂಡು ಆರ್‌ಟಿಒಗೆ ಹೋಗಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ತುಂಬಾ ಜನ ಅದನ್ನ ಮರೆತು, ಗಾಡಿ ಮಾರೋ ದಿನ ಒದ್ದಾಡ್ತಾರೆ.

ಡೌನ್ ಪೇಮೆಂಟ್ 2,75,000. ಚೀಟಿ ಒಂದೂವರೆ ಲಕ್ಷ, ಬ್ಯಾಂಕಲ್ಲಿದ್ದ 56,000, ಇನ್ನು ಉಳಿದಿದ್ದು ನಮ್ಮ ಸುಳ್ಳು ಕಂತಿನ 69,000.

ಆಯುಧಪೂಜೆಗೆ ಗಾಡಿ ಸಿಗಲಿಲ್ಲ. ದೀಪಾವಳಿಗೂ ಸಿಗಲಿಲ್ಲ. ನವೆಂಬರ್‌ನಲ್ಲಿ ಒಂದು ಗುರುವಾರ ಬಂತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಗಾಡಿ ಆಫ್ ಆಯ್ತು. ಆ ಭಾಗ ಎಡಿಟ್‌ನಲ್ಲಿ ತೆಗೀತೀನಿ ಅಂದೆ, ಮಗಳು ಬಿಡಲಿಲ್ಲ. ಇಲ್ಲಿದೆ ನೋಡಿ.

ಭಾನುವಾರ ಊರಿಗೆ ಹೋದೆವು. ಡಿಕ್ಕಿ 341 ಲೀಟರ್ ಅಂತ ಬ್ರೋಷರ್‌ನಲ್ಲಿ ಇದೆ. ಅಮ್ಮನಿಗೆ ಲೀಟರ್ ಲೆಕ್ಕ ಬೇಡ. ಹಿತ್ತಲಿಂದ ತೆಂಗಿನಕಾಯಿ ಒಂದೊಂದಾಗಿ ತಂದು ಜೋಡಿಸ್ತಾ ಹೋದರು. ಸುಲಿದಿದ್ದು ಒಂದು ಪದರ, ಮೇಲೆ ಬಾಳೆಗೊನೆ, ಪಕ್ಕದಲ್ಲಿ ನುಗ್ಗೆಕಾಯಿ. ನಲವತ್ತೆರಡು ಕಾಯಿ ಆದ ಮೇಲೆ ಬಾಗಿಲು ಹಾಕೋಕೆ ನೋಡಿದೆ, ಆಗಲಿಲ್ಲ. ಅಮ್ಮ ಮುಂದಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತಲ್ಲಿಂದಲೇ ಕೂಗಿದರು.

"ಎರಡು ತೆಗೆದು ನನ್ನ ಕಾಲ ಹತ್ರ ಇಡಪ್ಪ. ಇಲ್ಲಿ ಜಾಗ ಐತೆ."