ರೋಸ್ ಓ'ನೀಲ್: ರೇಖೆಯೂ ರುಜುವೂ

ಕೇಳುಗರಿಗೆ ನಮಸ್ಕಾರ.

1880ರ ದಶಕದ ಕೊನೆಯ ಮಾತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಿನಲ್ಲಿ ಒಂದು ದಿನಪತ್ರಿಕೆ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ ಇಟ್ಟಿತು. 13 ವರ್ಷದ ಹುಡುಗಿಯೊಬ್ಬಳು ಪೆನ್ನಿನಲ್ಲಿ ಒಂದು ಚಿತ್ರ ಬರೆದು ಕಳಿಸಿದಳು. ಅದಕ್ಕೆ ಅವಳು ಇಟ್ಟ ಹೆಸರು, ಪಾತಾಳಕ್ಕೆ ಎಳೆಯುವ ಪ್ರಲೋಭನೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಹೂವು ಚಿಟ್ಟೆ ಬರೆದು ಸುಮ್ಮನಾಗುವ ಹುಡುಗಿ ಅಲ್ಲ ಇವಳು. ತೀರ್ಪುಗಾರರಿಗೆ ಅನುಮಾನ ಬಂತು. ಯಾರೋ ದೊಡ್ಡವರು ಬರೆದುಕೊಟ್ಟಿರಬೇಕು ಅಂದುಕೊಂಡರು. ಅವಳನ್ನು ಕರೆಸಿ, ಎದುರಿಗೆ ಕೂರಿಸಿ, 'ಈಗ ಬರಿ ನೋಡೋಣ' ಎಂದರು. ಅವಳು ಬರೆದು ತೋರಿಸಿದಳು. ಮೊದಲ ಬಹುಮಾನ ಅವಳಿಗೇ ಬಂತು.

ಆ ಹುಡುಗಿ ರೋಸ್ ಓ'ನೀಲ್. ಅಮೆರಿಕದಲ್ಲಿ ಕಾಮಿಕ್ ಸ್ಟ್ರಿಪ್ ಪ್ರಕಟಿಸಿದ ಮೊದಲ ಹೆಣ್ಣುಮಗಳು. ಇವತ್ತು ಅವರ ಬದುಕು ಮತ್ತು ಕೆಲಸದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಎರಡು ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ಈ ಬದುಕನ್ನು ನೋಡುತ್ತೇನೆ. ಚಿತ್ರದ ಕೆಳಗೆ ಯಾರ ರುಜು ಬೀಳುತ್ತದೆ? ಚಿತ್ರಕ್ಕೆ ಬಂದ ದುಡ್ಡು ಯಾರ ಕೈ ಸೇರುತ್ತದೆ?

ರೋಸ್ ಹುಟ್ಟಿದ್ದು 1874ರ ಜೂನ್ 25ರಂದು, ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಊರಿನಲ್ಲಿ. ತಂದೆ ವಿಲಿಯಂ ಅವರದು ಪುಸ್ತಕ ಮಾರುವ ಕೆಲಸ. ಪುಸ್ತಕ, ಕಾವ್ಯ, ನಾಟಕ ಅಂದರೆ ಪ್ರಾಣ. ದುಡ್ಡು ಮಾತ್ರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕುಟುಂಬ ನೆಬ್ರಾಸ್ಕಾಗೆ ಬಂದು ನೆಲೆಸಿತು. ಮನೆಯಲ್ಲಿ ಕಷ್ಟ ಇತ್ತು, ಆದರೆ ಕಪಾಟಿನ ತುಂಬ ಪುಸ್ತಕ ಇದ್ದವು. ರೋಸ್‌ಗೆ ಚಿತ್ರ ಕಲಿಸಿದ ಮೇಷ್ಟ್ರು ಅಂತ ಯಾರೂ ಇರಲಿಲ್ಲ. ಆ ಪುಸ್ತಕಗಳಲ್ಲಿದ್ದ ಚಿತ್ರಗಳನ್ನೇ ನೋಡಿ ನೋಡಿ ಕೈ ತಿದ್ದಿಕೊಂಡರು. ಸ್ಪರ್ಧೆ ಗೆದ್ದ ಎರಡೇ ವರ್ಷಕ್ಕೆ ಆ ಕಡೆಯ ಪತ್ರಿಕೆಗಳಿಗೆ ಚಿತ್ರ ಬರೆದುಕೊಟ್ಟು ಮನೆ ಖರ್ಚಿಗೆ ನೆರವಾಗುತ್ತಿದ್ದರು. ಹದಿನೈದು ಹದಿನಾರರ ವಯಸ್ಸಿಗೇ ಸಂಪಾದನೆಯ ಭಾರ ಹೆಗಲಿಗೆ ಬಿದ್ದಿತ್ತು.

1893ರಲ್ಲಿ ತಂದೆ ಮಗಳನ್ನು ನ್ಯೂಯಾರ್ಕಿಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಷಿಕಾಗೋ. ಆ ವರ್ಷ ಅಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆಯುತ್ತಿತ್ತು. ನಮ್ಮ ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಪ್ರದರ್ಶನದ ಜೊತೆಗೇ ನಡೆದದ್ದು. ದೊಡ್ಡ ದೊಡ್ಡ ವರ್ಣಚಿತ್ರಗಳನ್ನೂ ಶಿಲ್ಪಗಳನ್ನೂ ರೋಸ್ ಕಣ್ಣಾರೆ ಕಂಡದ್ದು ಅಲ್ಲೇ ಮೊದಲು. ಅಲ್ಲಿವರೆಗೆ ಅವೆಲ್ಲ ಪುಸ್ತಕದ ಪುಟದಲ್ಲಿ ಅಂಗೈ ಅಗಲ ಮಾತ್ರ.

ನ್ಯೂಯಾರ್ಕಿನಲ್ಲಿ ತಂದೆ ಅವರನ್ನು ಸೇಂಟ್ ರೆಜಿಸ್ ಸನ್ಯಾಸಿನಿಯರ ಮಠದಲ್ಲಿ ಬಿಟ್ಟು ಬಂದರು. ಒಂಟಿ ಹುಡುಗಿ ಪತ್ರಿಕಾ ಕಚೇರಿಗಳಿಗೆ ಹೋಗುವುದು ಸರಿಯಲ್ಲ ಅನ್ನುವ ಕಾಲ ಅದು. ಹಾಗಾಗಿ ಸನ್ಯಾಸಿನಿಯರೇ ಜೊತೆಗೆ ಹೊರಟರು. ರೋಸ್ ಕಂಕುಳಲ್ಲಿ 60 ಚಿತ್ರಗಳ ಕಟ್ಟು. ಪಕ್ಕದಲ್ಲಿ ಮೈತುಂಬ ನಿಲುವಂಗಿ ತೊಟ್ಟ ಅಮ್ಮಂದಿರು. ಸಂಪಾದಕರು ಮಾತಾಡುತ್ತಿದ್ದರೆ ಇವರು ಬದಿಯ ಕುರ್ಚಿಯಲ್ಲಿ ಕೂತು ಕಾಯಬೇಕು. ಚಿತ್ರಗಳು ಮಾರಾಟವಾದವು. ಇನ್ನೂ ಬೇಕು ಅಂತ ಕೇಳುವವರೂ ಬಂದರು.

1896ರ ಸೆಪ್ಟೆಂಬರ್ 19ರಂದು ಅವರ ನಾಲ್ಕು ಚೌಕದ ಕಾಮಿಕ್ ಸ್ಟ್ರಿಪ್ ಪ್ರಕಟವಾಯಿತು. ಮರುವರ್ಷ 'ಪಕ್' ಪತ್ರಿಕೆ ಸೇರಿದರು. ಪಕ್ ಅಂದರೆ ಆ ಕಾಲದ ಅಮೆರಿಕದಲ್ಲಿ ರಾಜಕಾರಣಿಗಳು ಹೆದರುತ್ತಿದ್ದ ವಿನೋದ ಪತ್ರಿಕೆ. ಅದರ ಚಿತ್ರಕಾರರ ಬಳಗದಲ್ಲಿ ಹೆಂಗಸು ಅಂತ ಇದ್ದವರು ಇವರೊಬ್ಬರೇ. ಅಲ್ಲಿಗೆ ಅವರು 700ಕ್ಕೂ ಹೆಚ್ಚು ಚಿತ್ರ ಬರೆದರು.

ಈ ಪಕ್ ಚಿತ್ರಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು ಅನಿಸುತ್ತದೆ. ಯಾಕೆಂದರೆ ಅವರ ನಿಜವಾದ ಶಕ್ತಿ ಇರುವುದು ಅಲ್ಲಿ. ಹಿಂದೆಲ್ಲ ಚಿತ್ರಕಾರ ಬರೆದದ್ದನ್ನು ಇನ್ನೊಬ್ಬ ಮರದ ಅಚ್ಚಿನಲ್ಲಿ ಕೊರೆಯಬೇಕಿತ್ತು. ಕೊರೆಯುವವನ ಕೈಯಲ್ಲಿ ರೇಖೆ ಬದಲಾಗುತ್ತಿತ್ತು. ರೋಸ್ ಕೆಲಸಕ್ಕೆ ಬಂದ ಹೊತ್ತಿಗೆ ಫೋಟೊ ತೆಗೆದು ಲೋಹದ ಬ್ಲಾಕ್ ಮಾಡುವ ವಿಧಾನ ಬಂದಿತ್ತು. ಪೆನ್ನು ಎಳೆದ ಗೆರೆ ಹಾಗೇ ಅಚ್ಚಾಗುತ್ತಿತ್ತು. ಅವರ ರೇಖೆಗೆ ಇದು ವರವಾಯಿತು. ಒಂದು ಹೆಂಗಸಿನ ಲಂಗವನ್ನು ಸೊಂಟದಿಂದ ನೆಲದವರೆಗೆ ಪೆನ್ನು ಎತ್ತದೆ ಎಳೆದ ಹಾಗೆ ಕಾಣುವ ಉದ್ದನೆಯ ಬಳುಕು. ಅದರ ಪಕ್ಕದಲ್ಲೇ ನೆರಳಿಗೆ ಒತ್ತೊತ್ತಾದ ಸಣ್ಣ ಗೆರೆಗಳು. ಮುಖ ಮಾತ್ರ ಎರಡು ಮೂರು ಗೆರೆಯಲ್ಲಿ ಮುಗಿದಿರುತ್ತದೆ. ಗಂಡ ಹೆಂಡಿರ ಮುನಿಸು, ತುಂಟ ಮಕ್ಕಳು, ನಗರಕ್ಕೆ ಹೊಸದಾಗಿ ಬಂದವರು, ಇವರೆಲ್ಲ ಆ ಗೆರೆಗಳಲ್ಲಿ ಬಂದು ನಿಲ್ಲುತ್ತಾರೆ. ಎಲ್ಲವೂ ಮೆಚ್ಚುವಂಥದ್ದಲ್ಲ. ಕಪ್ಪು ಜನರನ್ನು ಆಡಿಕೊಂಡು ನಗುವ ಚಾಳಿ ಆ ಕಾಲದ ಪತ್ರಿಕೆಗಳಿಗೆ ಇತ್ತು. ಅದರ ಛಾಯೆ ಇವರ ಕೆಲವು ಪುಟಗಳ ಮೇಲೂ ಬಿದ್ದಿದೆ. ಇವತ್ತು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಈಗ ರುಜುವಿನ ವಿಷಯಕ್ಕೆ ಬರುತ್ತೇನೆ. ಮೊದಮೊದಲು ಚಿತ್ರದ ಮೂಲೆಯಲ್ಲಿ ಸಿ. ಆರ್. ಓ. ಅನ್ನುವ ಬರೀ ಮೂರು ಅಕ್ಷರ ಹಾಕುತ್ತಿದ್ದರು. ಬರೆದದ್ದು ಹೆಣ್ಣು ಅಂತ ಓದುಗರಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಓ'ನೀಲ್. ಗ್ರೇ ಲೇಥಮ್ ಎಂಬುವನನ್ನು ಮದುವೆಯಾದ ಮೇಲೆ ರುಜುವಿಗೆ ಅವನ ಹೆಸರೂ ಸೇರಿತು. ಓ'ನೀಲ್ ಲೇಥಮ್ ಆಯಿತು.

ಈ ಲೇಥಮ್ ಮನೆತನದ್ದೂ ಒಂದು ಕಥೆ. ಸಿನಿಮಾ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳು. 1895ರಲ್ಲೇ ನ್ಯೂಯಾರ್ಕಿನಲ್ಲಿ ಪರದೆಯ ಮೇಲೆ ಚಲಿಸುವ ಚಿತ್ರ ಬಿಟ್ಟು ತೋರಿಸಿದವರು ಇವರು. ಪ್ರೊಜೆಕ್ಟರಿನೊಳಗೆ ರೀಲು ಎಳೆತಕ್ಕೆ ಹರಿಯದ ಹಾಗೆ ಸ್ವಲ್ಪ ಸಡಿಲ ಬಿಡುತ್ತಿದ್ದರಲ್ಲ, ಅದಕ್ಕೆ ಲೇಥಮ್ ಲೂಪ್ ಅಂತಲೇ ಹೆಸರು. ಆದರೆ ಗ್ರೇಗೆ ಶೋಕಿ ಹೆಚ್ಚು, ಜೂಜು ಬೇರೆ. ಹೆಂಡತಿ ರಾತ್ರಿಯೆಲ್ಲ ಕೂತು ಚಿತ್ರ ಬರೆದು ಕೊಟ್ಟರೆ, ಇವನು ಪತ್ರಿಕಾ ಕಚೇರಿಗೆ ಹೋಗಿ ಅವಳ ಹಣ ತಾನೇ ವಸೂಲು ಮಾಡಿಕೊಂಡು ಖರ್ಚು ಮಾಡುತ್ತಿದ್ದ. ಊರಲ್ಲಿ ಅಪ್ಪ ಅಮ್ಮ, ತಮ್ಮಂದಿರು, ತಂಗಿಯರು ಇವರ ಹಣದ ದಾರಿ ಕಾಯುತ್ತಿದ್ದರು. ಗಂಡ ಕೇಳಿದರೆ ಹೆಂಡತಿಯ ಸಂಬಳ ಕೊಟ್ಟುಬಿಡುವುದು ಆ ಕಚೇರಿಗಳಿಗೂ ವಿಶೇಷವಾಗಿ ಕಂಡಿರಲಿಕ್ಕಿಲ್ಲ. ನನಗೆ ಈ ಬದುಕಿನಲ್ಲಿ ಎಲ್ಲಕ್ಕಿಂತ ಸಿಟ್ಟು ಬರಿಸುವ ಭಾಗ ಇದು. 1901ರಲ್ಲಿ ರೋಸ್ ವಿಚ್ಛೇದನ ಕೇಳಿದರು. ರುಜುವಿನಿಂದ ಲೇಥಮ್ ಹೋಯಿತು, ಓ'ನೀಲ್ ಉಳಿಯಿತು.

ತಂದೆ ಅಷ್ಟು ಹೊತ್ತಿಗೆ ಮಿಸೌರಿ ರಾಜ್ಯದ ಓಝಾರ್ಕ್ ಬೆಟ್ಟಗಾಡಿನಲ್ಲಿ ಒಂದು ತುಂಡು ಜಮೀನು ಹಿಡಿದಿದ್ದರು. ಮರದ ದಿಮ್ಮಿಯ ಎರಡು ಕೋಣೆ, ಪಕ್ಕದಲ್ಲಿ ತೊರೆ. ಆ ಜಾಗಕ್ಕೆ ಬಾನಿಬ್ರೂಕ್ ಅಂತ ಹೆಸರಾಯಿತು. ರೋಸ್ ಕಳಿಸಿದ ದುಡ್ಡಿನಲ್ಲಿ ಅದು ಬೆಳೆದು ಕಾಡಿನ ನಡುವೆ 14 ಕೋಣೆಗಳ ಮನೆಯಾಯಿತು. 1902ರಲ್ಲಿ ಪಕ್ ಪತ್ರಿಕೆಯಲ್ಲೇ ಇದ್ದ ಲೇಖಕ ಹ್ಯಾರಿ ಲಿಯಾನ್ ವಿಲ್ಸನ್ ಅವರನ್ನು ಮದುವೆಯಾಗಿ, ಅವರ ಕಾದಂಬರಿಗಳಿಗೂ ಚಿತ್ರ ಬರೆದರು. ತಾವೂ ಒಂದು ಕಾದಂಬರಿ ಬರೆದು 1904ರಲ್ಲಿ ಪ್ರಕಟಿಸಿದರು. ಆ ಮದುವೆಯೂ 1907ರಲ್ಲಿ ಮುಗಿಯಿತು.

ಆಮೇಲೆ ಬಂದದ್ದು ಕ್ಯೂಪಿ. 1909ರ ಡಿಸೆಂಬರ್‌ನಲ್ಲಿ 'ಲೇಡೀಸ್ ಹೋಮ್ ಜರ್ನಲ್' ಎಂಬ ಮಹಿಳಾ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡ ಮುದ್ದು ಮರಿಗಳು. ಅಲ್ಲಿನ ಪ್ರೇಮದೇವತೆ ಕ್ಯೂಪಿಡ್‌ನಿಂದ ಬಂದ ಹೆಸರು. ಉಬ್ಬಿದ ಹೊಟ್ಟೆ, ಓರೆಗಣ್ಣು, ಬೆನ್ನಿಗೆ ಪುಟಾಣಿ ನೀಲಿ ರೆಕ್ಕೆ. ನಮ್ಮಲ್ಲಿ ಎಳೆಮಗುವಿನ ಕೂದಲು ಒಟ್ಟುಮಾಡಿ ನೆತ್ತಿ ಮೇಲೆ ಕಟ್ಟುತ್ತಾರಲ್ಲ, ಅಂಥ ಜುಟ್ಟು. ಕಷ್ಟದಲ್ಲಿರುವವರನ್ನು ಹುಡುಕಿಕೊಂಡು ಹೋಗಿ ನಗಿಸುವುದೇ ಅವುಗಳ ಕೆಲಸ. ಚಿತ್ರ ಮಾತ್ರ ಅಲ್ಲ, ಜೊತೆಗಿನ ಪದ್ಯಗಳನ್ನೂ ರೋಸ್ ಅವರೇ ಬರೆದರು. ಓದುಗ ಮಕ್ಕಳಿಂದ ಕಾಗದಗಳು ಬಂದವು. ಕೈಯಲ್ಲಿ ಹಿಡಿಯುವ ಕ್ಯೂಪಿ ಬೇಕು ಅಂತ ಅವರ ಬೇಡಿಕೆ.

ಗೊಂಬೆ ಮಾಡಿದ್ದು ಜರ್ಮನಿಯಲ್ಲಿ, ಪಿಂಗಾಣಿ ಗೊಂಬೆಗಳಿಗೆ ಹೆಸರಾದ ಥುರಿಂಗಿಯಾ ಪ್ರಾಂತ್ಯದ ಕೆಸ್ಟ್ನರ್ ಕಾರ್ಖಾನೆಯಲ್ಲಿ. ಮೊದಲ ಮಾದರಿಗಳು ರೋಸ್‌ಗೆ ಹಿಡಿಸಲಿಲ್ಲ. ಸರಿ, ತಾವೇ ಜರ್ಮನಿಗೆ ಹೋಗಿ ಕಾರ್ಖಾನೆಯಲ್ಲಿ ಕೂತು ತಿದ್ದಿಸಿದರು. 1913ರಲ್ಲಿ ಕ್ಯೂಪಿಗೆ ಪೇಟೆಂಟ್ ಬಂತು, ರೋಸ್ ಹೆಸರಿನಲ್ಲೇ. ಗೊಂಬೆ ಎಷ್ಟು ಖರ್ಚಾಯಿತು ಅಂದರೆ ಒಂದು ಕಾರ್ಖಾನೆ ಸಾಲದೆ ಹಲವು ಕಾರ್ಖಾನೆಗಳು ಅದನ್ನೇ ಮಾಡತೊಡಗಿದವು. ಅವರು ಗಳಿಸಿದ್ದು 14 ಲಕ್ಷ ಡಾಲರ್ ಅಂತ ಲೆಕ್ಕ ಹೇಳುತ್ತಾರೆ. ಹೋಲಿಸಿ ನೋಡಿ. ಹತ್ತು ಹನ್ನೆರಡು ವರ್ಷದ ಹಿಂದೆ ಅವರ ಸಂಬಳವನ್ನು ಗಂಡ ಹೋಗಿ ತರುತ್ತಿದ್ದ. ಈಗ ಜರ್ಮನಿಯ ಕಾರ್ಖಾನೆಯಿಂದ ಒಂದು ಗೊಂಬೆ ಹೊರಗೆ ಬಿದ್ದರೂ ಅದರ ಪಾಲು ಇವರ ಹೆಸರಿಗೇ ಬರಬೇಕು.

ಕ್ಯೂಪಿ ಬರೀ ಮುದ್ದು, ಕಲೆ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಅವರಿಗೆ 1915ರ ಒಂದು ಪೋಸ್ಟರ್ ತೋರಿಸಬೇಕು. ಆ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಹೆಂಗಸರಿಗೆ ಓಟಿನ ಹಕ್ಕು ಕೊಡಬೇಕೋ ಬೇಡವೋ ಅಂತ ಗಂಡಸರು ಮತ ಹಾಕಬೇಕಿತ್ತು. ಗುಂಡುಗುಂಡು ಮಕ್ಕಳ ಒಂದು ಸಾಲು ಮೆರವಣಿಗೆ ಹೊರಟಿದೆ. 'ಅಮ್ಮನಿಗೆ ಓಟು ಕೊಡಿ, ನಮಗೆ ಅದು ಬೇಕು' ಅನ್ನುವುದು ಅವರ ಬೇಡಿಕೆ. ನಮ್ಮ ಊಟ, ಆರೋಗ್ಯ, ಆಟ, ಮನೆ, ಶಾಲೆ, ಎಲ್ಲವೂ ಗಂಡಸರ ಓಟಿನ ಮೇಲೆ ನಿಂತಿದೆ ಅಂತ ಮಕ್ಕಳು ದೂರುತ್ತಾರೆ. ಇವನ್ನೆಲ್ಲ ತೀರ್ಮಾನಿಸುವಾಗ ಅಮ್ಮನಿಗೂ ಓಟು ಇರಬೇಕು ಅನ್ನುವುದು ಅಪ್ಪನಿಗೆ ಯಾಕೆ ಕಾಣುವುದಿಲ್ಲವೋ ಅಂತ ಕೆಳಗೆ ಒಂದು ಪುಟ್ಟ ಪದ್ಯ. ಹಾಲು ಶುದ್ಧವಾಗಿದೆಯೋ ಇಲ್ಲವೋ, ಮಕ್ಕಳು ಗಿರಣಿಯಲ್ಲಿ ದುಡಿಯಬೇಕೋ ಬೇಡವೋ, ಇವೆಲ್ಲ ಆಗ ಸುಡುವ ಪ್ರಶ್ನೆಗಳು. ಭಾಷಣ ಕೇಳದ ಗಂಡಸೂ ಈ ಮಕ್ಕಳ ಮುಖ ನೋಡಿ ಒಂದು ಗಳಿಗೆ ನಿಲ್ಲುತ್ತಾನೆ ಅನ್ನುವುದು ರೋಸ್‌ಗೆ ಚೆನ್ನಾಗಿ ಗೊತ್ತಿತ್ತು. ಅವರು ಮೆರವಣಿಗೆಗಳಲ್ಲೂ ನಡೆದರು. ಸೊಂಟ ಬಿಗಿಯುವ ಕಾರ್ಸೆಟ್ ಬೇಡ ಅಂತ ಹೇಳಿ ತಾವು ಸಡಿಲ ನಿಲುವಂಗಿಯನ್ನೇ ತೊಟ್ಟರು. 1915ರಲ್ಲಿ ಸೋಲಾಯಿತು. ಎರಡು ವರ್ಷ ಬಿಟ್ಟು ನ್ಯೂಯಾರ್ಕಿನ ಹೆಂಗಸರು ಗೆದ್ದರು. 1920ರಲ್ಲಿ ಸಂವಿಧಾನದ ತಿದ್ದುಪಡಿಯೇ ಬಂತು.

ಕ್ಯೂಪಿಯ ಹಣದಲ್ಲಿ ಅವರು ತಮಗಾಗಿ ಬರೆದುಕೊಂಡ ಚಿತ್ರಗಳು ಬೇರೆಯೇ ಇವೆ. ಅರ್ಧ ಮನುಷ್ಯ ಅರ್ಧ ಪ್ರಾಣಿಯಂಥ ಬೃಹತ್ ಆಕೃತಿಗಳು, ಬಂಡೆಯಿಂದ ಬೇರಿನಿಂದ ಎದ್ದು ಬಂದ ಹಾಗೆ. ಅವುಗಳನ್ನು ಮುದ್ದಿನ ರಾಕ್ಷಸರು ಅಂತ ಕರೆದರು. 1921ರಲ್ಲಿ ಪ್ಯಾರಿಸ್‌ನಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ ಪ್ರದರ್ಶನ ನಡೆಯಿತು. ಪ್ರಲೋಭನೆಯ ಪಾತಾಳ ಬರೆದ ಆ ಹುಡುಗಿಯ ಕೈ ಇದೇ ಅಂತ ನನಗೆ ಅನಿಸುತ್ತದೆ. ಕ್ಯೂಪಿಯ ಗದ್ದಲದಲ್ಲಿ ಇವನ್ನು ನೋಡಿದವರು ಕಡಿಮೆ.

ದುಡ್ಡು ಎಲ್ಲಿ ಹೋಯಿತು? ಕೊಟ್ಟುಬಿಟ್ಟರು. ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್‌ನಲ್ಲಿ ಮನೆ, ಕನೆಕ್ಟಿಕಟ್‌ನಲ್ಲಿ ಇನ್ನೊಂದು, ಇಟಲಿಯ ಕಾಪ್ರಿ ದ್ವೀಪದಲ್ಲಿ ಮತ್ತೊಂದು. ಎಲ್ಲ ಮನೆಗಳಲ್ಲೂ ಕವಿಗಳು, ಚಿತ್ರಕಾರರು, ಸಂಗೀತಗಾರರು ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಊರಿನ ಕುಟುಂಬದ ಖರ್ಚೂ ಇವರದೇ. ಇದನ್ನು ದುಂದು ಅಂತ ಕರೆದವರಿದ್ದಾರೆ, ನಾನು ಹಾಗೆ ಕರೆಯಲಾರೆ. ತನ್ನ ದುಡಿಮೆ ತನ್ನ ಕೈಗೆ ಬಂದ ಮೇಲೆ ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಿದ್ದು ಅವರೇ ಅಲ್ವಾ.

1930ರ ದಶಕದಲ್ಲಿ ಆರ್ಥಿಕ ಕುಸಿತ ಬಂತು. ಪತ್ರಿಕೆಗಳು ಕೈಬರಹದ ಚಿತ್ರ ಬಿಟ್ಟು ಫೋಟೊ ಹಿಡಿದವು. ಕ್ಯೂಪಿಯ ಕಾಲವೂ ಮುಗಿಯಿತು. ರೋಸ್ ಮನೆಗಳನ್ನು ಒಂದೊಂದಾಗಿ ಕಳೆದುಕೊಂಡು ಬಾನಿಬ್ರೂಕ್‌ಗೆ ಮರಳಿದರು. 1940ರಲ್ಲಿ ಹೋ-ಹೋ ಅನ್ನುವ ನಗುವ ಬುದ್ಧನ ಗೊಂಬೆ ಮಾಡಿ ನೋಡಿದರು, ಅದು ಕೈ ಹಿಡಿಯಲಿಲ್ಲ. ಆತ್ಮಕಥೆ ಬರೆದರು. 1944ರ ಏಪ್ರಿಲ್ 6ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ತೀರಿಕೊಂಡರು. ಬಾನಿಬ್ರೂಕ್ ಮನೆ 1947ರಲ್ಲಿ ಸುಟ್ಟುಹೋಯಿತು. ಅವರನ್ನು ಮರೆಯದವರು ಅದೇ ಜಾಗದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಆತ್ಮಕಥೆ ಅಚ್ಚಾಗಿದ್ದು 1997ರಲ್ಲಿ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವರ ಕೆಲವು ಮೂಲಚಿತ್ರಗಳಿವೆ. ಆ ಗ್ರಂಥಾಲಯದ ಜಾಲತಾಣದಲ್ಲಿ ಅವರ ಹೆಸರು ಹಾಕಿ ಹುಡುಕಬಹುದು. ಕ್ಯೂಪಿಯನ್ನು ಆಮೇಲೆ ನೋಡಿ. ಮೊದಲು ಪಕ್ ಕಾಲದ ಕಪ್ಪುಬಿಳುಪು ಚಿತ್ರ ಒಂದನ್ನು ತೆಗೆದು, ದೊಡ್ಡದು ಮಾಡಿ, ರೇಖೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ನೋಡಿ. ಮೂಲೆಯಲ್ಲಿ ಯಾವ ರುಜು ಇದೆ ಅದನ್ನೂ ಓದಿ. ಅದು ಅವರ ಬದುಕಿನ ಯಾವ ವರ್ಷಗಳಲ್ಲಿ ಬರೆದ ಚಿತ್ರ ಅಂತ ನೀವೇ ಹೇಳಬಲ್ಲಿರಿ.

ನಮಸ್ಕಾರ.