11.0592 ಅನ್ನೋ ಸೊಟ್ಟ ನಂಬರ್ ಯಾಕೆ?

ಎಲ್ರಿಗೂ ನಮಸ್ಕಾರ. ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನಲ್ಲಿರೋ ಪುಟ್ಟ ಕಂಪ್ಯೂಟರ್) ಪಕ್ಕದಲ್ಲಿ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ ಥರ, ಅದಕ್ಕೆ ತಾಳ ಕೊಡೋ ಕ್ರಿಸ್ಟಲ್ ಕೂತಿರತ್ತಲ್ಲ, ಅದರ ಮೇಲಿರೋ ನಂಬರ್ ಬಗ್ಗೆ ಇವತ್ತು ಮಾತಾಡ್ತೀನಿ. 8051 ಅನ್ನೋ ಮೈಕ್ರೋಕಂಟ್ರೋಲರ್ ಇರೋ ಹಳೇ ಬೋರ್ಡ್‌ಗಳಲ್ಲಿ 11.0592 ಅಂತ ಇರತ್ತೆ, ನೆಟ್ಟಗೆ 12 ಮೆಗಾಹರ್ಟ್ಸ್ (ಸೆಕೆಂಡಿಗೆ 1.2 ಕೋಟಿ ಮಿಡಿತ) ಹಾಕ್ಬಾರದಿತ್ತಾ ಅಂತ ಎಲ್ರೂ ಕೇಳ್ತಾರೆ, ಕೇಳ್ಬೇಕಾದ ಪ್ರಶ್ನೆನೇ ಅದು.

ಲೆಕ್ಕ ಮಾಡಿ ನೋಡೋಣ. 8051 ಒಳಗೆ ಕ್ರಿಸ್ಟಲ್ ಮೊದ್ಲು 12ರಿಂದ ಭಾಗ ಆಗತ್ತೆ, ಸೀರಿಯಲ್ ಪೋರ್ಟ್‌ಗೆ (ಒಂದೊಂದೇ ಬಿಟ್ ಸಾಲಾಗಿ ಕಳಿಸೋ ದಾರಿ) ಮಾಮೂಲಿ ಸೆಟ್ಟಿಂಗಲ್ಲಿ ಮತ್ತೆ 32ರಿಂದ, ಆಮೇಲೆ ಉಳಿದಿದ್ದನ್ನ ಟೈಮರ್ ಒಂದು ಪೂರ್ಣ ಸಂಖ್ಯೆಯಿಂದ ಭಾಗಿಸ್ಬೇಕು. 11.0592ಕ್ಕೆ ಉಳಿಯೋದು 28,800, ಅದನ್ನ 3ರಿಂದ ಭಾಗಿಸಿದ್ರೆ ಎಲ್ರೂ ಬಳಸೋ ವೇಗ 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), ಚೂರೂ ಆಚೀಚೆ ಇಲ್ಲ. 12ಕ್ಕೆ ಉಳಿಯೋದು 31,250, 3ರಿಂದ ಭಾಗಿಸಿದ್ರೆ 10,417, ಅಂದ್ರೆ 8.5% ಜಾಸ್ತಿ.

ಅಷ್ಟು ಹೆಚ್ಚುಕಮ್ಮಿ ಆದ್ರೆ ಏನಾಗತ್ತೆ? ಒಂದು ಬೈಟ್ ಕಳಿಸೋಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಈ ಕಡೆ ಕೇಳಿಸ್ಕೊಳ್ಳೋನು ಸ್ಟಾರ್ಟ್ ಬಿಟ್ ಬಂದಾಗ ಒಂದೇ ಸಲ ತಾಳ ಹೊಂದಿಸ್ಕೊಂಡು ಆಮೇಲೆ ತನ್ನ ಪಾಡಿಗೆ ಎಣಿಸ್ತಾ ಹೋಗ್ತಾನೆ, ಕೊನೇ ಬಿಟ್ ಬರೋ ಹೊತ್ಗೆ ಅರ್ಧ ಬಿಟ್‌ನಷ್ಟು ಜಾರಿದ್ರೆ ಪಕ್ಕದ ಬಿಟ್ ಓದಿಬಿಡ್ತಾನೆ. ಹಂಗಾಗಿ ಎರಡೂ ಕಡೆ ತಪ್ಪು ಸೇರಿ 5% ಒಳಗಿರ್ಬೇಕು, ನಾನಂತೂ ನನ್ ಕಡೆ 2% ದಾಟೋಕೆ ಬಿಡಲ್ಲ.

ಹಂಗಂತ 12 ಕೆಟ್ಟದ್ದಲ್ಲ. ಅದರಲ್ಲಿ ಟೈಮರ್‌ನ ಒಂದು ಎಣಿಕೆ ಸರಿಯಾಗಿ 1 ಮೈಕ್ರೋಸೆಕೆಂಡ್, ಪಲ್ಸ್ ಅಳೆಯೋರಿಗೆ ಅದೇ ಸುಖ, 11.0592ರಲ್ಲಿ ಅದು 1.085 ಆಗಿ ಗುಣಾಕಾರ ಮಾಡ್ತಾ ಕೂರ್ಬೇಕು.

ಎಟಿಮೆಗಾ328 ಅನ್ನೋ ಇನ್ನೊಂದು ಮೈಕ್ರೋಕಂಟ್ರೋಲರ್‌ನಲ್ಲೂ ಇದೇ ಕಥೆ. 16 ಮೆಗಾಹರ್ಟ್ಸ್ ಇಟ್ಕೊಂಡು 115200 ಬಾಡ್ ಕೇಳಿದ್ರೆ ಸಿಗೋದು 111,111, ಅಂದ್ರೆ 3.5% ಕಮ್ಮಿ, ಡಬಲ್ ಸ್ಪೀಡ್ ಅನ್ನೋ ಸೆಟ್ಟಿಂಗ್ ಹಾಕಿದ್ರೆ 2.1% ಜಾಸ್ತಿ. ಎರಡು ಬೋರ್ಡಲ್ಲೂ ಅದೇ 16, ಅದೇ ಸೆಟ್ಟಿಂಗ್ ಇದ್ರೆ ತಪ್ಪೂ ಒಂದೇ ಆಗಿರೋದ್ರಿಂದ ಚೆನ್ನಾಗೇ ಮಾತಾಡ್ಕೊಳ್ತವೆ, ಬೇರೆ ಯಾವುದಕ್ಕೋ ಜೋಡಿಸಿದಾಗ ಆಗಾಗ ಕಸ ಬರತ್ತೆ, ನಾವು ಕೇಬಲ್ ಬದಲಾಯಿಸ್ತಾ ದಿನ ಕಳೀತೀವಿ. 14.7456 ಹಾಕಿದ್ರೆ ಈ ತಲೆನೋವೇ ಇಲ್ಲ, 128ರಿಂದ ಭಾಗಿಸಿದ್ರೆ 115200.

ಗಡಿಯಾರ ಬೇಕಾದ್ರೆ 32,768 ಹರ್ಟ್ಸ್ ಕ್ರಿಸ್ಟಲ್ ಬೇರೇನೇ ಹಾಕಿ, 15 ಸಲ ಅರ್ಧ ಮಾಡಿದ್ರೆ ಸೆಕೆಂಡಿಗೆ ಒಂದು ಟಿಕ್. ಅದು 20 ಪಿಪಿಎಂ (ಹತ್ತು ಲಕ್ಷಕ್ಕೆ 20) ತಪ್ಪಿದ್ರೂ ದಿನಕ್ಕೆ ಹತ್ತತ್ರ 1.7 ಸೆಕೆಂಡ್ ವ್ಯತ್ಯಾಸ ಬರತ್ತೆ, ಅದಕ್ಕೇ ಕ್ರಿಸ್ಟಲ್ ಕೇಳೋ ಲೋಡ್ ಕೆಪಾಸಿಟರ್ (ಅದರ ತಾಳ ಸರಿಯಾಗಿ ಕೂರೋಕೆ ಜೊತೆಗೆ ಹಾಕೋ ಕೆಪಾಸಿಟರ್) ಅಳತೆ ನೋಡದೆ ಕೈಗೆ ಸಿಕ್ಕಿದ್ದು ಹಾಕ್ಬೇಡಿ.

ಸ್ಪೀಡ್ ಜಾಸ್ತಿ ಇರ್ಲಿ ಅಂತ ದೊಡ್ಡ ನಂಬರ್ ಹಿಡಿಯೋರಿಗೆ ಒಂದು ಮಾತು: ಅದೇ 328, 4.5 ವೋಲ್ಟ್ ಇದ್ರೆ 20 ಮೆಗಾಹರ್ಟ್ಸ್ ತನಕ ಓಡತ್ತೆ, 2.7ಕ್ಕೆ ಬರೀ 10. 3.3 ವೋಲ್ಟಲ್ಲಿ 13ರ ಆಸುಪಾಸಿಗೇ ಮಿತಿ ಮುಗೀತು, ಅಲ್ಲಿ 14.7456 ಬಿಟ್ಟು 7.3728 ತಗೊಳ್ಳಿ, ಅದು 64ರಿಂದ ಭಾಗಿಸಿದ್ರೆ ಅದೇ 115200 ಕೊಡತ್ತೆ, ಕರೆಂಟೂ ಕಮ್ಮಿ ಎಳೆಯತ್ತೆ.